ಬಂದರಿನ ಹಿಂದಿನ ದಿನದ ಹೊಟ್ಟೆನೋವು

ಮಾರಿಷಸ್ ಬಿಟ್ಟು ಏಳನೆಯ ದಿನ. ಏಳು ದಿನವೂ ಕಿಟಕಿಯಲ್ಲಿ ಅದೇ ನೀರು, ಅದೇ ಆಕಾಶ, ನಡುವೆ ಒಂದು ಗೆರೆ. ಹಡಗಿನವರು ಇಂಥ ದಿನಕ್ಕೆ 'ಸಮುದ್ರದ ದಿನ' ಎನ್ನುತ್ತಾರೆ, ಮಿಕ್ಕ ದಿನ ಹಡಗು ಗದ್ದೆಯಲ್ಲಿ ಓಡುತ್ತದೇನೋ ಎಂಬಂತೆ. ಊರು ಇಲ್ಲ, ಇಳಿಯುವುದಿಲ್ಲ, ನೋಡುವುದಕ್ಕೇನೂ ಇಲ್ಲ ಎಂದು ಅದರ ಅರ್ಥ.

ಮಾಡಲು ಕೆಲಸವಿಲ್ಲದ್ದರಿಂದ ಆ ದಿನ ಯಾರಿಗೂ ಪುರುಸೊತ್ತಿರುವುದಿಲ್ಲ. ಬೆಳಗ್ಗೆ ಆರಕ್ಕೇ ಎದ್ದು ಡೆಕ್ಕಿನ ಆರಾಮಕುರ್ಚಿಗಳ ಮೇಲೆ ಟವೆಲ್ ಹಾಸಿ ಜಾಗ ಹಿಡಿಯಬೇಕು. ಹಿಡಿದ ಮೇಲೆ ಅಲ್ಲಿ ಕೂರಲು ಆಗುವುದಿಲ್ಲ, ಯಾಕೆಂದರೆ ಏಳಕ್ಕೆ ಡೆಕ್ ಸುತ್ತುವ ನಡಿಗೆ, ಒಂಬತ್ತೂವರೆಗೆ ಹೆಣಿಗೆ ಕೂಟ, ಹತ್ತೂವರೆಗೆ ಕಡಲಹಕ್ಕಿಗಳ ಮೇಲೆ ಉಪನ್ಯಾಸ, ಹನ್ನೊಂದೂವರೆಗೆ ಕ್ವಿಜ್. ಕ್ವಿಜ್‌ನಲ್ಲಿ ಗೆದ್ದವರಿಗೆ ಹಡಗಿನ ಹೆಸರು ಬರೆದ ಒಂದು ಪೆನ್ನು. ಸೌತಾಂಪ್ಟನ್ ಬಿಟ್ಟ ನಲವತ್ತು ದಿನಗಳಲ್ಲಿ ಆ ಪೆನ್ನಿಗಾಗಿ ಎರಡು ಹಳೆಯ ಸ್ನೇಹಗಳು ಮುರಿದುಬಿದ್ದಿದ್ದವು, ಮೂರನೆಯದು ಈ ವಾರ ಬಿರುಕು ಬಿಟ್ಟಿತ್ತು.

ಡೋರೀನ್ ಪಿಕರ್ಸ್‌ಗಿಲ್‌ಗೆ ಪೆನ್ನೂ ಬೇಕಿರಲಿಲ್ಲ, ಕಡಲಹಕ್ಕಿಯೂ ಬೇಕಿರಲಿಲ್ಲ. ಎಪ್ಪತ್ನಾಲ್ಕರ ಈ ವಿಧವೆ ಯಾರ್ಕ್‌ಷೈರಿನ ಕೀಥ್ಲಿಯಲ್ಲಿ ಶಾಲೆಯೊಂದರ ಅಡುಗೆಮನೆ ನೋಡಿಕೊಂಡು ನಿವೃತ್ತಳಾದವಳು. ನೂರನಾಲ್ಕು ದಿನಗಳ ಈ ಲೋಕ ಸುತ್ತುವ ಯಾತ್ರೆಯಲ್ಲಿ ಅವಳಿಗೆ ಬೇಕಾದದ್ದು ಒಂದೇ ದಿನ, ಅದರಲ್ಲೂ ಒಂಬತ್ತೇ ಗಂಟೆ. ನಾಳೆ ಬೆಳಗ್ಗೆ ಎಂಟಕ್ಕೆ ಹಡಗು ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಲ್ಲಿ ನಿಲ್ಲುತ್ತದೆ, ಸಂಜೆ ಐದಕ್ಕೆ ಹೊರಡುತ್ತದೆ. ಅಲ್ಲಿ ಅವಳ ಅಕ್ಕ ಮ್ಯೂರಿಯಲ್ ಗಾಲಿಕುರ್ಚಿಯಲ್ಲಿ ಕೂತು ಕಾಯುತ್ತಿರುತ್ತಾಳೆ. ಮ್ಯೂರಿಯಲ್‌ಗೆ ಎಂಬತ್ತೆರಡು. 'ಬರುವುದಾದರೆ ಈ ವರ್ಷವೇ ಬಂದುಬಿಡಿ ಚಿಕ್ಕಮ್ಮ' ಎಂದು ಅವಳ ಮಗಳು ಬರೆದಿದ್ದಳು. ಕಿವಿಯ ಆಪರೇಷನ್ ಆದಮೇಲೆ ಡೋರೀನ್ ವಿಮಾನ ಹತ್ತುವಂತಿರಲಿಲ್ಲ. ಹಾಗಾಗಿ ಒಂಬತ್ತು ಗಂಟೆಗಾಗಿ ಇಡೀ ಭೂಮಿಯನ್ನು ಸುತ್ತಿ ಬರುವ ಟಿಕೆಟ್ಟು ತೆಗೆಸಿದ್ದಳು.

ಆ ಒಂಬತ್ತು ಗಂಟೆಯಲ್ಲಿ ಅವಳು ಒಂದು ಮಾತು ಹೇಳಬೇಕಿತ್ತು. ಮ್ಯೂರಿಯಲ್ ಗಂಡನ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟುಹೋದಾಗ ಅಮ್ಮ ಸಿಟ್ಟಾಗಿ, ಹದಿನೆಂಟು ವರ್ಷ ಅವಳ ಒಂದು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡವಳು ಡೋರೀನ್. ಸಾಯುವ ಹಿಂದಿನ ವಾರ ಅಮ್ಮ ಅರಳುಮರಳಿನಲ್ಲಿ ಇವಳನ್ನೇ ಮ್ಯೂರಿಯಲ್ ಅಂದುಕೊಂಡಳು. ಡೋರೀನ್ ಅಲ್ಲವೆನ್ನಲಿಲ್ಲ. "ನೀನು ಹೋದದ್ದಕ್ಕೆ ನಂಗೆ ಸಿಟ್ಟಿಲ್ಲ ಕಣೇ. ಕಾಗದ ಬರೀಬೇಕಿತ್ತು, ಬರೀಲಿಲ್ಲ. ತಪ್ಪಾಯ್ತು," ಎಂದು ಅಮ್ಮ ಇವಳ ಕೈ ಹಿಡಿದು ಅತ್ತಳು.

ಆ ಮಾತು ಮ್ಯೂರಿಯಲ್‌ಗೆ ಸೇರಿದ್ದು. ಮೂವತ್ತೆರಡು ವರ್ಷದಿಂದ ಡೋರೀನ್ ಅದನ್ನು ತನ್ನಲ್ಲೇ ಇಟ್ಟುಕೊಂಡಿದ್ದಳು. ಅಮ್ಮನ ಮಣ್ಣಿಗೆ ಬಂದ ಅಕ್ಕ, "ಅಮ್ಮ ನನ್ನ ಬಗ್ಗೆ ಏನಾದ್ರೂ ಅಂದ್ಲಾ?" ಎಂದು ಕೇಳಿದಾಗ "ಇಲ್ಲ" ಎಂದುಬಿಟ್ಟಿದ್ದಳು. ಮಲಮೂತ್ರ ಬಾಚಿದವಳು ನಾನು, ಒಳ್ಳೆಯ ಮಾತು ಮಾತ್ರ ಬಿಟ್ಟುಹೋದವಳಿಗಾ ಎಂಬ ಹೊಟ್ಟೆಕಿಚ್ಚು. ಜನ್ಮದಲ್ಲಿ ಅವಳು ಮುಖ ನೋಡಿ ಹೇಳಿದ ಒಂದೇ 'ಇಲ್ಲ' ಅದು, ಅದೂ ಸುಳ್ಳು. ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತಿದ್ದಳು, ಹವಾಮಾನ ಹೊರಗೆ ಬರುತ್ತಿತ್ತು. ಇಲ್ಲಿ ಮಳೆ, ಅಲ್ಲಿ ಬಿಸಿಲು. ಹೀಗೆ ಸಾವಿರದ ಆರುನೂರು ಭಾನುವಾರಗಳು ಕಳೆದಿದ್ದವು.

ಈಗ ಕ್ಲಿಫರ್ಡ್ ಬೂತ್‌ರಾಯ್ಡ್ ವಿಷಯ. ಇಂಥ ಹಡಗುಗಳಲ್ಲಿ ಊಟದ ಮೇಜು ಮೊದಲ ದಿನ ಗೊತ್ತಾಯಿತೆಂದರೆ ಮುಗಿಯಿತು. ಮದುವೆಯನ್ನಾದರೂ ಮುರಿದುಕೊಳ್ಳಬಹುದು, ಮೇಜು ಬಿಟ್ಟು ಹೋಗುವುದು ಕಷ್ಟ. ಡೋರೀನ್‌ಗೆ ಬಂದದ್ದು ನಲವತ್ತಮೂರನೆಯ ಮೇಜು. ಅಲ್ಲಿ ಅವಳು, ನಿವೃತ್ತ ದಂತವೈದ್ಯ ಫಾಸ್‌ಡೈಕ್, ಆತನ ಹೆಂಡತಿ ಮತ್ತು ಕ್ಲಿಫರ್ಡ್. ಕ್ಲಿಫರ್ಡ್ ಹ್ಯಾಲಿಫ್ಯಾಕ್ಸಿನಲ್ಲಿ ಬಸ್ಸುಗಳ ವೇಳಾಪಟ್ಟಿ ಮಾಡುತ್ತಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಹಡಗು ಹತ್ತಿದ, ಆಮೇಲೆ ಇಳಿದದ್ದೇ ಕಡಿಮೆ. ಇದು ಮೂವತ್ತೊಂದನೆಯ ಯಾತ್ರೆ. ಹಿಂದಿನ ಮೂವತ್ತನ್ನೂ ಆತ ಹೊತ್ತುಹೊತ್ತಿಗೆ ಮೇಜಿನವರಿಗೆ ಬಡಿಸುತ್ತಿದ್ದ. ಸೂಪು ಬಂದರೆ ಎರಡು ಸಾವಿರದ ಆರನೆಯ ಇಸವಿಯ ಸೂಪು ನೆನಪಾಗುತ್ತಿತ್ತು. ಮನುಷ್ಯ ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಎದ್ದು ಹೋಗಬಹುದಿತ್ತು.

ಆ ಬೆಳಗ್ಗೆ ತಿಂಡಿಯ ಹೊತ್ತಿಗೆ ಡೋರೀನ್ ಎರಡು ಮೊಟ್ಟೆ, ಮೂರು ಎಳೆ ಬೇಕನ್, ಒಂದು ಸಾಸೇಜು ಮತ್ತು ಕರಿದ ಬ್ರೆಡ್ಡು ಮುಗಿಸಿ ಟೀ ಬಗ್ಗಿಸಿಕೊಳ್ಳುತ್ತಿದ್ದಳು.

"ನಾಳೇದು ಎಲ್ಲ ಗೊತ್ತುಮಾಡಿದೀನಿ ಡೋರೀನ್," ಅಂದ ಕ್ಲಿಫರ್ಡ್, ಟೋಸ್ಟಿಗೆ ಮಾರ್ಮಲೇಡ್ ಸವರುತ್ತ. "ನಾನೂ ಬರ್ತೀನಿ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ನಿಮ್ಮಕ್ಕನ ಹತ್ರ. ಗಾಲಿಕುರ್ಚಿ ತಳ್ಳೋಕೆ ಒಂದಾಳು ಬೇಡ್ವಾ? ನೀವು ತಳ್ಳಿದ್ರೆ ಮಧ್ಯಾಹ್ನಕ್ಕೆ ನಿಮಗೂ ಒಂದು ಕುರ್ಚಿ ತರಬೇಕಾಗುತ್ತೆ. ಫ್ರೀಮ್ಯಾಂಟಲ್ ನಾಲ್ಕು ಸಲ ನೋಡಿದೀನಿ ನಾನು. ಹಳೇ ಜೈಲು ತೋರಿಸ್ತೀನಿ, ಮಾರ್ಕೆಟ್ಟು ತೋರಿಸ್ತೀನಿ, ದೋಣಿ ನಿಲ್ಸೋ ಕಡೆ ಮೀನು ಕರೀತಾರೆ, ಅಲ್ಲಿ ಊಟ. ಐದಕ್ಕೆ ಕಾಲುಗಂಟೆ ಇರೋಹಾಗೆ ವಾಪಸ್ಸು."

"ಎಷ್ಟು ಒಳ್ಳೇ ಮನಸ್ಸು ನಿಮ್ದು," ಅಂದಳು ಮಿಸೆಸ್ ಫಾಸ್‌ಡೈಕ್. ನಾಳೆಯ ಒಂಬತ್ತು ಗಂಟೆ ಆತ ತಮ್ಮ ಪಾಲಿಗಿಲ್ಲ ಎಂಬ ನೆಮ್ಮದಿ ಅವಳ ಮುಖದಲ್ಲಿ ಕಾಣುತ್ತಿತ್ತು.

ಬೇಡ ಎಂಬ ಮಾತು ಡೋರೀನಳ ಮನೆತನದಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ಬೇಡವಾದಾಗ ಅವರು "ಅಯ್ಯೋ, ನಿಮಗ್ಯಾಕೆ ತೊಂದರೆ" ಎನ್ನುತ್ತಾರೆ. ಎದುರಿನವರು ಅದನ್ನು ಸರಿಯಾಗಿ ತಿಳಿದುಕೊಂಡು, ತೊಂದರೆಯೇನಿಲ್ಲ ಎಂದು ಒಮ್ಮೆ ಹೇಳಿ, ಮಾತು ಬಿಟ್ಟುಬಿಡುತ್ತಾರೆ. ಆ ಸೀಮೆಯಲ್ಲಿ ಸಂಸಾರಗಳೂ ಸಭೆಗಳೂ ನಡೆಯುವುದು ಹೀಗೆಯೇ. ಕ್ಲಿಫರ್ಡ್‌ನ ಊರು ಹತ್ತು ಮೈಲಿ ಆಚೆಯದೇ ಆದರೂ ಆತನಿಗೆ ಈ ವಿದ್ಯೆ ಹತ್ತಿರಲಿಲ್ಲ.

"ನಿಮಗ್ಯಾಕೆ ತೊಂದ್ರೆ," ಅಂದಳು ಡೋರೀನ್.

"ತೊಂದ್ರೆ ಏನ್ ಬಂತು?"

"ನಿಮ್ದೂ ಏನಾದ್ರೂ ನೋಡೋದು ಇರುತ್ತೇನೋ."

"ನಾಲ್ಕು ಸಲ ನೋಡಿದೀನಿ ಅಂದ್ನಲ್ಲ."

"ನಮ್ಮಕ್ಕನ ಮಾತು ಕೇಳಿ ನಿಮಗೆ ಬೇಜಾರಾಗುತ್ತೆ."

"ನಾನಿರ್ತೀನಲ್ಲ, ಬೇಜಾರಾಗೋಕೆ ಬಿಡಲ್ಲ."

ಬಾಣಗಳು ಮುಗಿದವು. ಡೋರೀನ್ ಕಪ್ಪು ಕೆಳಗಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ನಿಜ ಹೇಳ್ಬೇಕಂದ್ರೆ ಕ್ಲಿಫರ್ಡ್, ಬೆಳಗ್ಗೆಯಿಂದ ನನ್ನ ಹೊಟ್ಟೆ ಯಾಕೋ ಸರಿಯಿಲ್ಲ. ನಾಳೆ ಇಳಿಯೋದೇ ಅನುಮಾನ."

ನಾಳೆ ಆತ ತನ್ನ ಪಾಡಿಗೆ ಇಳಿದುಹೋಗುತ್ತಾನೆ, ಅರ್ಧ ಗಂಟೆ ಬಿಟ್ಟು ತಾನು ಹೋದರಾಯಿತು ಎಂದು ಲೆಕ್ಕ. ಕೀಥ್ಲಿಯಲ್ಲಿ ಹೊಟ್ಟೆ ಸರಿಯಿಲ್ಲ ಎಂದರೆ ಅದಕ್ಕೆ ಮರುಪ್ರಶ್ನೆಯಿಲ್ಲ, ಕೇಳುವುದು ಅಸಭ್ಯ. ಆ ಮಾತಿನಿಂದ ಅವಳು ಐವತ್ತು ವರ್ಷದಲ್ಲಿ ಮೂರು ಮದುವೆ, ಲೆಕ್ಕವಿಲ್ಲದಷ್ಟು ನಾಮಕರಣ ಮತ್ತು ಒಬ್ಬ ಪಾದ್ರಿಯ ವಿದಾಯ ಸಮಾರಂಭವನ್ನು ತಪ್ಪಿಸಿಕೊಂಡಿದ್ದಳು.

ಆದರೆ ಇದು ಕೀಥ್ಲಿಯಲ್ಲ, ಹಡಗು. ಹಡಗಿನಲ್ಲಿ ಹೊಟ್ಟೆಯ ಸುದ್ದಿಯನ್ನು ಸುಮ್ಮನೆ ಎತ್ತುವ ಹಾಗಿಲ್ಲ. ಒಬ್ಬರ ವಾಂತಿಭೇದಿ ಮೂರು ದಿನದಲ್ಲಿ ಮುನ್ನೂರು ಜನರದ್ದಾಗುತ್ತದೆ ಎಂಬ ಹೆದರಿಕೆಗೆ ಊಟದ ಮನೆಯ ಬಾಗಿಲಲ್ಲೇ ಒಬ್ಬಾತ ನಿಂತು, ಹಾಡು ಹೇಳಿಕೊಂಡು, ಬಂದವರ ಕೈಗೆಲ್ಲ ಔಷಧಿಯ ಲೋಳೆ ಹಿಂಡುತ್ತಾನೆ. ಹತ್ತುವಾಗಲೇ ಎಲ್ಲರೂ ಒಂದು ಕಾಗದಕ್ಕೆ ಸಹಿ ಹಾಕಿರುತ್ತಾರೆ: ಹೊಟ್ಟೆ ಕೆಟ್ಟರೆ ಕೂಡಲೇ ತಿಳಿಸಬೇಕು, ತಿಳಿಸಿದವರು ನಲವತ್ತೆಂಟು ಗಂಟೆ ಕ್ಯಾಬಿನ್ ಬಿಟ್ಟು ಹೊರಗೆ ಬರಬಾರದು. ಡೋರೀನ್ ಅದನ್ನು ಓದದೆ ಸಹಿ ಹಾಕಿದ್ದಳು. ಕ್ಲಿಫರ್ಡ್ ಮೂವತ್ತೊಂದು ಸಲವೂ ಓದಿದ್ದ.

"ನೀವು ಸುಮ್ನೆ ಕೂತ್ಕೊಳಿ," ಅಂದು ಆತ ಮೇಲೆದ್ದ. ಅರ್ಧ ಟೋಸ್ಟು ತಟ್ಟೆಯಲ್ಲೇ ಉಳಿಯಿತು.

ಡೋರೀನ್ ಗೆದ್ದೆನೆಂದುಕೊಂಡಳು. ಹೆಣಿಗೆ ಕೂಟಕ್ಕೆ ಹೋಗಿ, ಹನ್ನೆರಡು ಹೆಂಗಸರ ನಡುವೆ ಕಿಟಕಿ ಪಕ್ಕದ ಸೋಫಾ ಹಿಡಿದು, ಅಕ್ಕನ ಮರಿಮಗುವಿಗೆ ಟೋಪಿ ಹೆಣೆಯತೊಡಗಿದಳು. ಮನಸ್ಸು ಹಗುರವಾಗಿತ್ತು. ಮೊದಲು ಹವಾಮಾನ, ಆಮೇಲೆ ಮಕ್ಕಳ ವಿಷಯ, ಆಮೇಲೆ ಅಮ್ಮನ ಮಾತು ಎಂದು ನಾಳೆಗೆ ಸಾಲು ಜೋಡಿಸಿಕೊಳ್ಳುತ್ತಿದ್ದಾಗ ಎದುರಿಗೆ ಬಿಳಿಯ ಬೂಟು ಕಾಣಿಸಿತು. ಮೇಲೆ ನೋಡಿದರೆ ಮೂಗುಬಾಯಿಗೆ ಬಟ್ಟೆ ಕಟ್ಟಿ, ಕೈಗವಸು ತೊಟ್ಟ ನರ್ಸ್ ಮರೈಕ. ದಕ್ಷಿಣ ಆಫ್ರಿಕಾದವಳು, ದನಿ ಸ್ವಲ್ಪ ಜೋರು.

"ಮಿಸೆಸ್ ಪಿಕರ್ಸ್‌ಗಿಲ್ ನೀವೇನಾ? ಬೆಳಗ್ಗೆಯಿಂದ ಎಷ್ಟು ಸಲ?"

"ಏನು ಎಷ್ಟು ಸಲ?"

"ಕಕ್ಕಸಿಗೆ."

ಹನ್ನೆರಡು ಹೆಂಗಸರೂ ಒಂದೇ ಸಲಕ್ಕೆ ತಮ್ಮ ಉಣ್ಣೆಯುಂಡೆಗಳನ್ನು ಹತ್ತಿರಕ್ಕೆಳೆದುಕೊಂಡರು. ಪಕ್ಕದಲ್ಲಿ ಕೂತವಳು, ಡೋರೀನ್ ಆಗಷ್ಟೇ ಕೊಟ್ಟಿದ್ದ ಕತ್ತರಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟಳು. ಕ್ಲಿಫರ್ಡ್ ರಿಸೆಪ್ಷನ್ನಿಗೆ ಹೋಗಿ ಅವಳ ಪರವಾಗಿ ಫಾರಂ ತುಂಬಿ ಬಂದಿದ್ದ, ಅವಳಿಗೆ ಮೈಯಲ್ಲಿ ಹುಷಾರಿಲ್ಲದಿರುವಾಗ ಮೆಟ್ಟಿಲಿಳಿಯುವ ಕಷ್ಟ ಯಾಕೆಂದು.

ಹತ್ತು ಗಂಟೆಯ ಹೊತ್ತಿಗೆ ಡೋರೀನ್ ಆರನೆಯ ಅಂತಸ್ತಿನ ತನ್ನ ಕ್ಯಾಬಿನ್ನಿನ ಮಂಚದ ಮೇಲಿದ್ದಳು. ಬಾಗಿಲ ಹೊರಗೆ ಕೆಂಪು ಚೀಟಿ ಅಂಟಿತ್ತು. ಇವತ್ತು ಹತ್ತಕ್ಕೆ ಶುರುವಾದದ್ದು ನಾಡಿದ್ದು ಹತ್ತಕ್ಕೆ ಮುಗಿಯುತ್ತದೆ. ಅಷ್ಟೊತ್ತಿಗೆ ಫ್ರೀಮ್ಯಾಂಟಲ್ ಹಿಂದೆ ಬಿದ್ದು ಹದಿನೇಳು ಗಂಟೆಯಾಗಿರುತ್ತದೆ.

"ನಾನು ಸುಳ್ಳು ಹೇಳಿದೆ," ಅಂದಳು ನರ್ಸಿಗೆ. ಬಾಯಿಂದ ಬಂದದ್ದು ಕೇಳಿ ಅವಳಿಗೇ ಗಾಬರಿಯಾಯಿತು. "ನನಗೇನೂ ಆಗಿಲ್ಲ. ಹೊಟ್ಟೆ ಕಲ್ಲುಗುಂಡಿನ ಹಾಗಿದೆ."

ನರ್ಸ್ ಮರೈಕ ಜ್ವರ ನೋಡುತ್ತ ತಲೆಯಾಡಿಸಿದಳು. "ಬಂದರಿನ ಹಿಂದಿನ ದಿನ ಎಲ್ರೂ ಹಾಗೇ ಹೇಳ್ತಾರೆ. ಕೇಪ್‌ಟೌನ್‌ಗೆ ಮುಂಚೆ ನಾಲ್ಕು ಜನ ನನ್ನ ಕಾಲಿಗೆ ಬಿದ್ದು ಸುಳ್ಳು ಹೇಳಿದ್ವಿ ಅಂದ್ರು. ಮೂರು ಜನ ಅಲ್ಲೇ ನನ್ನ ಬೂಟಿನ ಮೇಲೆ ವಾಂತಿ ಮಾಡ್ಕೊಂಡ್ರು."

"ಜ್ವರ ಇಲ್ವಲ್ಲ ನನಗೆ."

"ಅವರಿಗೂ ಇರ್ಲಿಲ್ಲ. ಸರಿ, ಸುಳ್ಳು ಯಾಕೆ ಹೇಳಿದ್ರಿ?"

"ಒಬ್ರು ನಾಳೆ ನನ್ನ ಜೊತೆ ಬರ್ತೀನಿ ಅಂದ್ರು. ನನಗೆ ಅಕ್ಕನ ಜೊತೆ ಒಬ್ಳೇ ಇರ್ಬೇಕಿತ್ತು."

"ಬರಬೇಡಿ ಅನ್ನಬಹುದಿತ್ತಲ್ಲ."

ಬೇರೆ ದೇಶದಲ್ಲಿ ಹುಟ್ಟಿದವರಿಗೆ ಇದನ್ನು ಎಲ್ಲಿಂದ ಶುರುಮಾಡಿ ತಿಳಿಸುವುದು?

"ರಿಪೋರ್ಟ್ ಕೊಟ್ಟವರೇ ಬಂದು ವಾಪಸ್ ತಗೊಂಡ್ರೆ ಡಾಕ್ಟರ್ ಹತ್ರ ಮಾತಾಡ್ತೀನಿ," ಅಂದಳು ನರ್ಸ್, ಚೀಲ ಮುಚ್ಚುತ್ತ. "ಸುಮ್ನೆ ಅಲ್ಲ, ಯಾಕೆ ತಗೋತಿದೀನಿ ಅಂತ ಬರ್ಕೊಡಬೇಕು. ಇಲ್ಲೀವರೆಗೆ ಯಾರೂ ಕೊಟ್ಟಿಲ್ಲ. ನೀರು ಚೆನ್ನಾಗಿ ಕುಡೀರಿ."

ಬಾಗಿಲು ಮುಚ್ಚಿಕೊಂಡಿತು. ಕ್ಯಾಬಿನ್ ನೋಡಿಕೊಳ್ಳುವ ರಮೋನ್ ಹನ್ನೊಂದರ ಹೊತ್ತಿಗೆ ಒಣ ಟೋಸ್ಟು, ಬಿಸಿನೀರು ತಂದು ಹೊಸಿಲಾಚೆ ಇಟ್ಟು ಎರಡು ಹೆಜ್ಜೆ ಹಿಂದೆ ನಿಂತ. ಜೊತೆಗೊಂದು ಶುಂಠಿ ಬಿಸ್ಕತ್ತಿನ ಪೊಟ್ಟಣ. "ಬೂತ್‌ರಾಯ್ಡ್ ಸಾಹೇಬ್ರು ಕಳ್ಸಿದಾರೆ ಮೇಡಂ. ಹೊಟ್ಟೆಗೆ ಒಳ್ಳೇದಂತೆ." ಡೋರೀನ್ ಆ ಪೊಟ್ಟಣ ನೋಡುತ್ತ ಕೂತಳು. ಕ್ಲಿಫರ್ಡ್ ಸ್ವಲ್ಪ ನೀಚನಾಗಿದ್ದರೆ ತನಗೆ ಎಷ್ಟೋ ಅನುಕೂಲವಿತ್ತು ಅನಿಸಿ ಕಣ್ಣು ತುಂಬಿ ಬಂತು.

ಹನ್ನೆರಡಕ್ಕೆ ಸರಿಯಾಗಿ ಕ್ಯಾಪ್ಟನ್ನನ ದನಿ ಗೋಡೆಯೊಳಗಿನಿಂದ ಬಂತು. ಹಡಗಿನ ಕೆಳಗೆ ಐದು ಸಾವಿರ ಮೀಟರ್ ನೀರಿದೆ, ಗಾಳಿ ಹಿತವಾಗಿದೆ, ನಾಳೆ ಬೆಳಗ್ಗೆ ಎಂಟಕ್ಕೆ ಫ್ರೀಮ್ಯಾಂಟಲ್, ಎಲ್ಲರೂ ಈ ಸುಂದರ ದಿನವನ್ನು ಸವಿಯಿರಿ ಎಂದಿತು. ಟೀವಿ ಹಾಕಿದರೆ ಒಂದು ಚಾನೆಲ್ಲಿನಲ್ಲಿ ಹಡಗಿನ ಮೂತಿಯ ಕ್ಯಾಮೆರಾ ಕಂಡದ್ದನ್ನೇ ತೋರಿಸುತ್ತಿದ್ದರು. ತನ್ನ ಹಡಗು ತನ್ನನ್ನು ಅಕ್ಕನ ಕಡೆಗೆ ಹೊತ್ತುಕೊಂಡು ಹೋಗುವುದನ್ನು ಡೋರೀನ್ ಒಂದು ಗಂಟೆ ನೋಡಿದಳು. ಅಕ್ಕ ನಾಳೆ ಬಂದರಿನ ಧಕ್ಕೆಯಲ್ಲಿ ಕೂತು ಕತ್ತೆತ್ತಿ ಈ ಕಿಟಕಿಗಳನ್ನೆಲ್ಲ ಒಂದೊಂದಾಗಿ ನೋಡುವುದು ಕಣ್ಣ ಮುಂದೆ ಬಂತು. ಇನ್ನೊಂದು ಸಲ ಬರಲು ತನಗೆ ಕೈಲಾಗುವುದಿಲ್ಲ, ಕಾಯಲು ಅವಳಿಗೆ ಆಯುಸ್ಸಿಲ್ಲ.

ಫೋನೆತ್ತಿ ಕ್ಲಿಫರ್ಡ್‌ನ ಕ್ಯಾಬಿನ್ನಿಗೆ ಮಾಡಿದಳು.

"ಡೋರೀನ್, ಹೇಗಿದೀರಿ? ಎರಡು ಸಾವಿರದ ಒಂಬತ್ತರಲ್ಲಿ ಪನಾಮಾ ಹತ್ರ ನನಗೂ ಹೀಗೇ..."

ಹತ್ತು ನಿಮಿಷ ಕೇಳಿ, ಥ್ಯಾಂಕ್ಸ್ ಹೇಳ್ಬೇಕು ಅಂತ ಮಾಡಿದ್ದೆ, ಬಿಸ್ಕತ್ತು ಚೆನ್ನಾಗಿದೆ ಎಂದು ಇಟ್ಟುಬಿಟ್ಟಳು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಎದ್ದು ಕನ್ನಡಿಯ ಮುಂದೆ ಮುಖ ತೊಳೆದು ಬಂದು, ಕೂರದೆ ನಿಂತುಕೊಂಡೇ ಮತ್ತೆ ಮಾಡಿದಳು.

"ಕ್ಲಿಫರ್ಡ್, ಈಗ ಸ್ವಲ್ಪ ಹೊತ್ತು ಸುಮ್ನಿರಿ. ನನ್ನ ಹೊಟ್ಟೆಗೆ ಏನೂ ಆಗಿಲ್ಲ."

"ಹಾಗೇ ಅನಿಸುತ್ತೆ, ಆದ್ರೆ ಎರಡನೇ ದಿನ..."

"ಆಗೇ ಇರ್ಲಿಲ್ಲ. ನೀವು ನಾಳೆ ನಮ್ಮ ಜೊತೆ ಬರ್ಬಾರ್ದು ಅಂತ ಹಾಗೆ ಹೇಳಿದೆ."

ಆ ಕಡೆ ಸದ್ದಿಲ್ಲ. ನಲವತ್ತು ದಿನದಲ್ಲಿ ಕ್ಲಿಫರ್ಡ್ ಬೂತ್‌ರಾಯ್ಡ್ ಎಚ್ಚರವಾಗಿದ್ದೂ ಮಾತಾಡದೆ ಇದ್ದದ್ದು ಇದೇ ಮೊದಲು.

"ಬೇಡ ಅಂದಿದ್ರೆ ಆಗ್ತಿತ್ತಲ್ಲ," ಅಂದ ಕೊನೆಗೆ.

"ಮೂರು ಸಲ ಅಂದೆ."

"ಯಾವಾಗ?"

"ನಿಮಗ್ಯಾಕೆ ತೊಂದ್ರೆ ಅಂದೆ. ನಿಮ್ದೂ ನೋಡೋದಿರುತ್ತೆ ಅಂದೆ."

"ಓ. ಅದು ಬೇಡ ಅನ್ನೋದಾ?" ಆತ ಸ್ವಲ್ಪ ಯೋಚಿಸಿದಂತಿತ್ತು. "ಹಂಗಾದ್ರೆ ನನಗೆ ತುಂಬಾ ಜನ ಬೇಡ ಅಂದಿದಾರೆ." ಆಮೇಲೆ, "ನಾನು ಅಷ್ಟೊಂದು ಮಾತಾಡ್ತೀನಾ ಡೋರೀನ್?"

ಛೆ ಛೆ, ಹಾಗೇನಿಲ್ಲಪ್ಪ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಅವಳು ಅದನ್ನು ನುಂಗಿದಳು. "ಹೌದು."

"ಸರಿ."

ಆ 'ಸರಿ' ಕೇಳಿ ಸಂಕಟವಾಯಿತು. ಅರ್ಧ ಹೇಳಿ ನಿಲ್ಲಿಸುವುದಕ್ಕಿಂತ ಪೂರ್ತಿ ಹೇಳುವುದೇ ಮರ್ಯಾದೆ ಅನಿಸಿ, ಅಮ್ಮನ ಕೊನೆಯ ವಾರದ ವಿಷಯ, ಅಮ್ಮ ಅಂದ ಮಾತು, ತಾನು ಅಕ್ಕನಿಗೆ ಹೇಳಿದ ಇಲ್ಲ, ಎಲ್ಲವನ್ನೂ ಹೇಳಿದಳು. ಗಂಡನಿಗೂ ಹೇಳಿರಲಿಲ್ಲ. ಮೂವತ್ತೆರಡು ವರ್ಷದ ನಂತರ ಅದನ್ನು ಮೊದಲು ಕೇಳಿಸಿಕೊಂಡವನು ಅವಳು ತಪ್ಪಿಸಿಕೊಳ್ಳಲು ನೋಡಿದ ಮನುಷ್ಯನೇ ಆದ. ನಡುವೆ ಆತ ಒಮ್ಮೆಯೂ ಬಾಯಿ ಹಾಕಲಿಲ್ಲ.

"ನನ್ನ ಬಿಡಿಸೋಕೆ ನಿಮ್ಮೊಬ್ರ ಕೈಲೇ ಆಗೋದು," ಅಂದಳು ಕೊನೆಗೆ. "ಕಾರಣ ಬರ್ಕೊಡಬೇಕಂತೆ. ನಿಮಗೆ ಅವಮಾನ, ನನಗೆ ಗೊತ್ತು."

"ಯಾವ ಅಂತಸ್ತು ಆಸ್ಪತ್ರೆ? ಎರಡಾ?" ಅಂದ ಕ್ಲಿಫರ್ಡ್. "ಶೂ ಹಾಕ್ಕೋತೀನಿ."

ಎರಡೂ ಮುಕ್ಕಾಲಿಗೆ ಹೋದವನ ಸುದ್ದಿ ಮೂರಾದರೂ ಇಲ್ಲ, ಮೂರೂವರೆಯಾದರೂ ಇಲ್ಲ. ಹೋಗುವಾಗ ಮನಸ್ಸು ಬದಲಾಯಿಸಿರಬೇಕು, ಯಾರಾದರೂ ಬದಲಾಯಿಸುತ್ತಾರೆ ಎಂದು ಡೋರೀನ್ ಕೈ ಕೈ ಹಿಸುಕಿಕೊಂಡಳು. ನಾಲ್ಕು ದಾಟಿದ ಮೇಲೆ ಬಾಗಿಲು ಬಡಿದ ಸದ್ದಾಯಿತು. ನರ್ಸ್ ಮರೈಕ ಒಳಗೆ ಬಂದು, ಕೇಳದೆಯೇ ಕುರ್ಚಿಯಲ್ಲಿ ಕುಸಿದಳು. ಮುಖಕ್ಕೆ ಬಟ್ಟೆ ಕಟ್ಟಿರಲಿಲ್ಲ.

"ಒಂದು ಗಂಟೆ ಹತ್ತು ನಿಮಿಷ," ಅಂದಳು. "ಮೊದಲ ಎರಡು ನಿಮಿಷ ನಿಮ್ಮ ವಿಷಯ. ನೀವು ತಿಂದಿದ್ದೆಲ್ಲ ಹೇಳಿದ್ರು, ಎರಡು ಮೊಟ್ಟೆ, ಮೂರು ಬೇಕನ್. ಆಮೇಲೆ ನಾನು ಒಂದು ತಪ್ಪು ಮಾಡ್ದೆ. ಹಡಗಲ್ಲಿ ಇದು ಮೊದಲ ಸಲನಾ ಅಂತ ಕೇಳ್ಬಿಟ್ಟೆ. ಅಂಟಾರ್ಟಿಕಾಕ್ಕೆ ಹೋಗಿ ಬಂದೆ ನಾನು ಮಿಸೆಸ್ ಪಿಕರ್ಸ್‌ಗಿಲ್. ಡಾಕ್ಟರು ಸದ್ದು ಕೇಳಿ ಹೊರಗೆ ಬಂದ್ರು, ಅವರೂ ಹೋಗಿಬಂದ್ರು. ವಾಪಸ್ ಬಂದ ತಕ್ಷಣ ಸಹಿ ಹಾಕಿದ್ರು."

"ಅಂದ್ರೆ ನನ್ನ ಮಾತು ನಂಬಿದ್ರಾ?"

"ನಿಮ್ಮ ಜಾಗದಲ್ಲಿ ನಾನಿದ್ರೆ ಕಾಲು ಮುರ್ಕೊಂಡಿದೀನಿ ಅಂತಿದ್ದೆ."

ಅವಳು ಫಾರಂ ತೋರಿಸಿದಳು. ಕಾರಣ ಎಂಬಲ್ಲಿ ಕ್ಲಿಫರ್ಡ್ ವೇಳಾಪಟ್ಟಿ ಬರೆದು ಪಳಗಿದ ದುಂಡು ಅಕ್ಷರದಲ್ಲಿ ಬರೆದಿದ್ದ: 'ಇವರಿಗೆ ಕಾಯಿಲೆಯಿಲ್ಲ. ನನ್ನ ಜೊತೆ ಇಷ್ಟವಿಲ್ಲ.' ನರ್ಸ್ ನಗುತ್ತಿದ್ದಳು. ಡೋರೀನ್‌ಗೆ ನಗು ಬರಲಿಲ್ಲ. ಬಾಗಿಲ ಕೆಂಪು ಚೀಟಿಯನ್ನು ರಮೋನ್ ಉಗುರಿನಿಂದ ಕೆರೆದು ತೆಗೆಯುವ ಸದ್ದು ಕೇಳುತ್ತ ಆ ಸಾಲನ್ನು ಇನ್ನೊಮ್ಮೆ ಓದಿದಳು.

ಅಂದು ರಾತ್ರಿಯೂಟಕ್ಕೆ ಉಡುಪಿನ ಕಟ್ಟುನಿಟ್ಟು. ಗಂಡಸರೆಲ್ಲ ಕಪ್ಪು ಕೋಟು, ಕತ್ತಿಗೆ ಚಿಟ್ಟೆ ಟೈ. ಹೆಂಗಸರು ಮಣಿ ಹಚ್ಚಿದ ಗೌನು. ನೀಲಿ ಗೌನು ತೊಟ್ಟು ಡೋರೀನ್ ಮೆಟ್ಟಿಲಿಳಿಯುವಾಗ ಹೆಣಿಗೆ ಕೂಟದ ಹೆಂಗಸರು ಮುಗುಳ್ನಕ್ಕು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಬಿಡುಗಡೆಯ ಸುದ್ದಿ ಕಾಯಿಲೆಯ ಸುದ್ದಿಯಷ್ಟು ಬೇಗ ಹಬ್ಬಿರಲಿಲ್ಲ.

ಕ್ಲಿಫರ್ಡ್ ಆಗಲೇ ಮೇಜಿನಲ್ಲಿದ್ದ. ಎದ್ದು ನಿಂತು ಅವಳಿಗೆ ಕುರ್ಚಿ ಎಳೆದುಕೊಟ್ಟ, ಕೂತ, ಕರವಸ್ತ್ರ ಮಡಿಲಿಗೆ ಹಾಕಿಕೊಂಡ. ಸೂಪು ಬಂತು. ಆತ ಕುಡಿದ. ಯಾವ ಇಸವಿಯೂ ನೆನಪಾಗಲಿಲ್ಲ.

ಮೇಜಿನ ಮೇಲೆ ಹಿಂದೆಂದೂ ಇಲ್ಲದ ಮೌನ ಬಿತ್ತು. ಫಾಸ್‌ಡೈಕ್ ದಂಪತಿ ಮೊದಲು ಅದನ್ನು ಸವಿದರು. ಐದು ನಿಮಿಷವಾದ ಮೇಲೆ ಚಡಪಡಿಸತೊಡಗಿದರು. ದಂತವೈದ್ಯ ಸಮುದ್ರ ಶಾಂತವಾಗಿದೆ ಅಂದ. ಹೆಂಡತಿ ಹೌದು ಅಂದಳು. ಮೀನು ಬಂತು. ದಂತವೈದ್ಯ ನಿನ್ನೆಯೂ ಶಾಂತವಾಗಿತ್ತು ಅಂದ. ನಲವತ್ತು ದಿನ ಜೊತೆಗೆ ಉಂಡ ನಾಲ್ವರಲ್ಲಿ ಮೂವರಿಗೆ ಆಡಲು ಒಂದು ಮಾತೂ ಇಲ್ಲವೆಂಬುದು ಅವತ್ತು ಗೊತ್ತಾಯಿತು. ನಾಲ್ಕನೆಯವನು ಮೀನಿನ ಮುಳ್ಳನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತಿದ್ದ.

ಡೋರೀನ್‌ಗೆ ಆ ಮೌನದಲ್ಲಿ ನಾಳೆಯ ಧಕ್ಕೆ ಕಾಣತೊಡಗಿತು. ಅಕ್ಕ ಮತ್ತು ತಾನು, ನಡುವೆ ಯಾರೂ ಇಲ್ಲ. ಹವಾಮಾನ ಎಷ್ಟು ಹೊತ್ತು ಬಂದೀತು? ಅರ್ಧ ಗಂಟೆ? ಬಾದಾಮಿ ಕಡುಬು ಬರುವ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ. ಎಂಥ ಒಳ್ಳೆಯ ಮನುಷ್ಯ, ತಾನೆಷ್ಟು ನೋಯಿಸಿಬಿಟ್ಟೆ ಎಂಬ ಪಶ್ಚಾತ್ತಾಪದಿಂದ ಎದೆ ತುಂಬಿ ಬಂದಿತ್ತು.

"ಕ್ಲಿಫರ್ಡ್," ಅಂದಳು. "ನಾಳೆ ನೀವೂ ಬನ್ನಿ. ಬಾಯಿಮಾತಿಗೆ ಹೇಳ್ತಿಲ್ಲ. ನೀವು ಬಂದ್ರೆ ನನಗೆ ಖುಷಿ."

ಕ್ಲಿಫರ್ಡ್ ಚಮಚ ಕೆಳಗಿಟ್ಟ. "ಬೇಡ," ಅಂದ.

ಅಷ್ಟೇ. ಮುಂದೆ ಹಿಂದೆ ಏನೂ ಇಲ್ಲ. ಮಿಸೆಸ್ ಫಾಸ್‌ಡೈಕ್ ಬಗ್ಗಿಸುತ್ತಿದ್ದ ಕಸ್ಟರ್ಡು ಕಡುಬು ಬಿಟ್ಟು ತಟ್ಟೆಯ ಪಕ್ಕಕ್ಕೆ ಬಿತ್ತು.

"ಸಿಟ್ಟಿಂದ ಹೇಳ್ತಿಲ್ಲ ನಾನು," ಅಂದ ಆತ, ಅವಳಿಗಷ್ಟೇ ಕೇಳುವಂತೆ. "ನಾನು ಬಂದ್ರೆ ಮಾತಾಡ್ತೀನಿ. ನನ್ನ ಕೈಲಿ ಸುಮ್ನಿರೋಕಾಗಲ್ಲ, ಇವತ್ತೇ ಎಷ್ಟು ಕಷ್ಟಪಡ್ತಿದೀನಿ ನೋಡಿ. ನಾನು ಮಾತಾಡ್ತೀನಿ, ನೀವು ಮಾತಾಡೋಕೆ ಬಿಡ್ತೀರಿ. ಜೈಲಿನ ಕತೆ, ಮಾರ್ಕೆಟ್ಟಿನ ಕತೆ. ಐದು ಗಂಟೆ ಆಗುತ್ತೆ, ಹಡಗು ಕೂಗುತ್ತೆ, ನೀವು ಬಂದು ಹತ್ತಿಬಿಡ್ತೀರಿ."

ಡೋರೀನ್‌ಗೆ ಮೊದಲು ಮೈಯೆಲ್ಲ ಉರಿಯಿತು. ಬಾಯಿಬಿಟ್ಟು ಕರೆದವರಿಗೆ ಹೀಗೆ ಮುಖದ ಮೇಲೆ ಹೇಳುವುದೇ? ಎಪ್ಪತ್ನಾಲ್ಕು ವರ್ಷದಲ್ಲಿ ಯಾರೂ ಅವಳಿಗೆ ಹೀಗೆ ಬೇಡ ಅಂದಿರಲಿಲ್ಲ. ಏನಾದರೂ ತಿರುಗಿ ಹೇಳಬೇಕೆಂದು ಬಾಯಿ ತೆರೆದಳು. ಮಡಿಲ ಕರವಸ್ತ್ರವನ್ನು ಮಡಿಸಿ ತಟ್ಟೆಯ ಪಕ್ಕಕ್ಕಿಟ್ಟಳು. ಪಶ್ಚಾತ್ತಾಪದಿಂದ ಕರೆದೆ ಎಂದುಕೊಂಡಿದ್ದಳು. ಆತ ಈಗ ಹೇಳಿದನಲ್ಲ, ಹಾಗೆಯೇ ಅಮ್ಮನ ಮಾತು ಹೇಳದೆ ಐದು ಗಂಟೆಯಾಗಿಬಿಡಲಿ ಎಂದು ಕರೆದಿದ್ದಳು.